ಬೆಂಗಳೂರಿನ ಶಾಸನಗಳ ಡಿಜಿಟಲ್ ಪ್ರತಿ: ನನ್ನ ಅನುಭವ

ಬಿ. ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯಲ್ಲಿ ಆಗ ಗೊತ್ತಿದ್ದ ಶಾಸನಗಳು ಅದರಲ್ಲಿವೆ; ಪಾಠದೊಡನೆ, ಕಲ್ಲು ಯಾವ ಊರಿನದು, ಯಾವ ಗುಡಿಯ ಎದುರಿನದು ಎಂಬ ಚಿಕ್ಕ ಗುರುತೂ ಇದೆ. ಆ ಗುರುತನ್ನು ನಂಬಿಕೊಂಡು ಇಂದಿನ ಬೆಂಗಳೂರಿನಲ್ಲಿ ಹೊರಟವರಿಗೆ ಗುಡಿ ಸಿಗಬಹುದು, ಹೊಲ ಸಿಗುವುದಿಲ್ಲ, ಕಲ್ಲು ಸಿಕ್ಕರೆ ಪುಣ್ಯ. ವೃತ್ತಿಯಿಂದ ನಾನು ಭೂಮಾಪನದ ನಕ್ಷೆಗಳನ್ನು ಸಿದ್ಧಪಡಿಸುವವನು. ರಜಾದಿನಗಳಲ್ಲಿ ಕೆಲವು ಗೆಳೆಯರೊಡನೆ ನಗರದ ಅಂಚಿನ ಹಳೆಯ ಊರುಗಳನ್ನು ಸುತ್ತಿ, ಉಳಿದಿರುವ ಶಾಸನಗಳ ಮತ್ತು ವೀರಗಲ್ಲುಗಳ 3ಡಿ ಪ್ರತಿಗಳನ್ನು ಮಾಡಿಕೊಂಡು ಬಂದಿದ್ದೇನೆ. ಇದೇ ಕೆಲಸವನ್ನು ಸಾಂಸ್ಥಿಕವಾಗಿ, ಇನ್ನೂ ದೊಡ್ಡ ಪ್ರಮಾಣದಲ್ಲಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯು 2021ರಲ್ಲಿ ಕೈಗೆತ್ತಿಕೊಂಡಿತು. ಅದರ ಸ್ಕ್ಯಾನುಗಳನ್ನು ನೋಡಿದವರಿಗೆ ಈ ತಂತ್ರದ ಶಕ್ತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ನಾನು ಬರೆಯುತ್ತಿರುವುದು ಕ್ಯಾಮೆರಾ, ಒಂದು ಸಾಧಾರಣ ಕಂಪ್ಯೂಟರು ಮತ್ತು ತಾಳ್ಮೆ ಇಷ್ಟೇ ಇರುವವರು ಇದನ್ನು ಹೇಗೆ ಮಾಡಬಹುದು ಎಂಬುದರ ಬಗ್ಗೆ.

ಶಾಸನತಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಪಡಿಯಚ್ಚು ತೆಗೆಯುತ್ತ ಬಂದಿದ್ದಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವು ಅಕ್ಷರದ ಗುಳಿಯೊಳಗೆ ಇಳಿಯುವಂತೆ ಮಾಡಿ, ಮೇಲೆ ಮಸಿಯ ಉಂಡೆಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರಗಳು ಏಳುತ್ತವೆ. ಕೈ ಪಳಗಿದವರು ತೆಗೆದ ಪಡಿಯಚ್ಚಿಗೆ ಇಂದಿಗೂ ಬೆಲೆಯಿದೆ, ಅದನ್ನು ಕಡೆಗಣಿಸುವ ಉತ್ಸಾಹ ನನಗಿಲ್ಲ. ಆದರೆ ಮೇಲ್ಮೈ ಸವೆದು ಅಕ್ಷರದ ಆಳ ಒಂದು ಮಿಲಿಮೀಟರಿಗೂ ಕಡಿಮೆಯಾಗಿರುವ ಕಡೆ ಕಾಗದ ಸೋಲುತ್ತದೆ. ಗೀರು ಯಾವುದು, ಅಕ್ಷರದ ಗೆರೆ ಯಾವುದು ಎಂಬುದನ್ನು ಮಸಿ ಹೇಳುವುದಿಲ್ಲ, ಆಳ ಹೇಳುತ್ತದೆ.

ಆಳವನ್ನು ದಾಖಲಿಸಲು ನಾವು ಬಳಸುವುದು ಫೋಟೋಗ್ರಾಮೆಟ್ರಿ. ಒಂದೇ ಕಲ್ಲನ್ನು ಬೇರೆ ಬೇರೆ ಕೋನಗಳಿಂದ, ಪ್ರತಿ ಚಿತ್ರವೂ ಹಿಂದಿನ ಚಿತ್ರದ ಶೇ 70ರಿಂದ 80ರಷ್ಟು ಭಾಗವನ್ನು ಒಳಗೊಳ್ಳುವಂತೆ ಸಾಲುಸಾಲಾಗಿ ತೆಗೆಯಬೇಕು. ತಂತ್ರಾಂಶವು ಚಿತ್ರಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳನ್ನು ಗುರುತಿಸಿ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂಬುದನ್ನು ಲೆಕ್ಕ ಹಾಕಿ, ಕಲ್ಲಿನ ಮೇಲ್ಮೈಯನ್ನು ಲಕ್ಷಾಂತರ ತ್ರಿಕೋನಗಳ ಜಾಲವಾಗಿ ಕಟ್ಟಿಕೊಡುತ್ತದೆ. ಬೆಳಕಿನ ಪಟ್ಟಿಗಳನ್ನು ಹಾಯಿಸಿ ಅಳೆಯುವ ಕೈಸ್ಕ್ಯಾನರುಗಳು ಇದಕ್ಕಿಂತ ಬೇಗ ಕೆಲಸ ಮುಗಿಸುತ್ತವೆ, ಆದರೆ ಅವು ದುಬಾರಿ, ಮೇಲಾಗಿ ಅವುಗಳಲ್ಲಿ ಹಲವು ನೇರ ಬಿಸಿಲಿನಲ್ಲಿ ತಡಬಡಿಸುತ್ತವೆ. ಕ್ಯಾಮೆರಾಕ್ಕೂ ಬಿಸಿಲು ಒಳ್ಳೆಯದಲ್ಲ, ಏಕೆಂದರೆ ನೆರಳು ಸರಿದಂತೆ ಚಿತ್ರಗಳ ನಡುವೆ ಹೊಂದಾಣಿಕೆ ತಪ್ಪುತ್ತದೆ. ಜೂನ್, ಜುಲೈ ತಿಂಗಳಲ್ಲಿ ಬೆಂಗಳೂರಿನ ಆಕಾಶ ದಿನವಿಡೀ ಮೋಡ ಮುಚ್ಚಿಕೊಂಡಿರುತ್ತದಲ್ಲ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಝೂಮ್ ಇಲ್ಲದ ಲೆನ್ಸು, ಎಫ್/8ರ ಆಸುಪಾಸಿನ ಅಪರ್ಚರು (ಲೆನ್ಸಿನ ಕಿಂಡಿಯ ಅಳತೆ), ಕಡಿಮೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಟ್ರೈಪಾಡು ಮತ್ತು ಚಿತ್ರದೊಳಗೆ ಕಾಣುವಂತೆ ಇಟ್ಟ ಅಳತೆಪಟ್ಟಿ, ಇವಿಷ್ಟು ತಪ್ಪಬಾರದು. ಅಳತೆಪಟ್ಟಿ ಇಲ್ಲದ ಮಾದರಿಗೆ ಆಕಾರವಿರುತ್ತದೆ, ಗಾತ್ರವಿರುವುದಿಲ್ಲ.

ಯಂತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಕಲ್ಲಿನ ಬುಡದಲ್ಲಿ ನಡೆಯುವ ಮಾತುಕತೆ. ಒಂದು ಊರಿನಲ್ಲಿ ಅಶ್ವತ್ಥಕಟ್ಟೆಗೆ ಒರಗಿಸಿಟ್ಟ ವೀರಗಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಕೆಗಳ ನಡುವಿನ ಅಡ್ಡ ಏಣುಗಳಲ್ಲಿ ಅಕ್ಷರಗಳ ಸಾಲು. ಎಣ್ಣೆ, ಅರಿಸಿನ, ಕುಂಕುಮ ಪದರಪದರವಾಗಿ ಕೂತು ಕಲ್ಲು ಕರಿಮೆಣದ ಹಾಗೆ ಹೊಳೆಯುತ್ತಿತ್ತು. ನಾವು ಟ್ರೈಪಾಡು ಬಿಡಿಸುತ್ತಿದ್ದಂತೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಏನ್ ಸಾರ್, ನಿಧಿ ಎಲ್ಲೈತೆ ಅಂತ ಬರ್ದೈತಾ?" ಎಂದರು. "ನಿಧಿ ಇಲ್ಲ ಯಜಮಾನ್ರೇ, ನಿಮ್ಮೂರ ದನ ಬಿಡಿಸೋಕೆ ಹೋಗಿ ಸತ್ತೋರ ಹೆಸರೈತೆ" ಎಂದೆ. ಅವರು ನಕ್ಕರಾದರೂ ಆ ಪ್ರಶ್ನೆ ತಮಾಷೆಯದಲ್ಲ. ಬರಹವಿರುವ ಕಲ್ಲಿನ ಅಡಿಯಲ್ಲಿ ಹೊನ್ನಿದೆ ಎಂಬ ನಂಬಿಕೆಗೆ ಬಲಿಯಾಗಿ ಬುಡಮೇಲಾದ ಕಲ್ಲುಗಳು ನಾಡಿನ ತುಂಬ ಇವೆ. ಕಲ್ಲಿಗೆ ಪೂಜೆ ಮಾಡುವ ಅಮ್ಮನವರನ್ನು ಕರೆಸಿ, ಎಣ್ಣೆಜಿಡ್ಡನ್ನು ಒರೆಸಬಹುದೇ ಎಂದು ಕೇಳಿದಾಗ ಅವರು, "ಒರೆಸ್ಕೊಳ್ಳಿ ಸಾಮಿ, ಮಂಗಳವಾರದೊಳಗೆ ಮುಗಿಸ್ಬಿಡಿ, ಅವತ್ತು ಪೂಜೆ ಐತೆ" ಎಂದು ತಾವೇ ಬಿಂದಿಗೆಯಲ್ಲಿ ನೀರು ತಂದುಕೊಟ್ಟರು.

ಸ್ವಚ್ಛಗೊಳಿಸುವಾಗ ನೀರು ಮತ್ತು ಮೆತ್ತನೆಯ ಬ್ರಷ್ಷು ಬಿಟ್ಟು ಬೇರೇನನ್ನೂ ಮುಟ್ಟಕೂಡದು ಎಂಬುದು ನಮ್ಮ ನಿಯಮ. ತಂತಿ ಬ್ರಷ್ಷು, ಆಮ್ಲ, ಅಕ್ಷರ ಕಾಣಲೆಂದು ತುಂಬುವ ಸುಣ್ಣದ ಪುಡಿ, ಮೂರೂ ಕಲ್ಲಿಗೆ ಕೇಡು. ಎನಾಮೆಲ್ ಬಣ್ಣ ಬಳಿದ ಕಲ್ಲುಗಳನ್ನು ನಾವು ಇದ್ದಂತೆಯೇ ದಾಖಲಿಸಿ ಹಿಂತಿರುಗುತ್ತೇವೆ. ಬಣ್ಣ ತೆಗೆಯುವುದು ಸಂರಕ್ಷಣಾ ತಜ್ಞರ ಕೆಲಸ, ಮತ್ತು ಬಣ್ಣದಿಂದ ಮುಚ್ಚಿಹೋದ ಗುಳಿಯನ್ನು ಯಾವ ಕ್ಯಾಮೆರಾವೂ ಅಗೆದು ತೋರಿಸಲಾರದು. ಒರೆಸಿದ ಮೇಲೂ ಹೊಳಪು ಉಳಿಯುವ ಕಲ್ಲುಗಳಿಗೆ ಲೆನ್ಸಿನ ಮುಂದೆ ಮತ್ತು ದೀಪದ ಮುಂದೆ ಧ್ರುವೀಕರಣ ಫಿಲ್ಟರುಗಳನ್ನು ಪರಸ್ಪರ ಅಡ್ಡಲಾಗಿ ಇಟ್ಟರೆ ಹೊಳಪು ಬಹುಪಾಲು ಹೋಗುತ್ತದೆ. ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಇದ್ಯಾವುದಕ್ಕೂ ಮುನ್ನ ಇಲಾಖೆಯ ಅನುಮತಿ ಪಡೆಯಬೇಕು. ಬೀದಿಬದಿಯ ಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಅಂಥ ರಕ್ಷಣೆಯೇ ಇಲ್ಲ.

ಮನೆಗೆ ಬಂದ ಮೇಲಿನ ಕೆಲಸವನ್ನು ಮೆಶ್‌ರೂಮ್, ಮೆಶ್‌ಲ್ಯಾಬ್ ಎಂಬ ಎರಡು ಉಚಿತ ತಂತ್ರಾಂಶಗಳು ಮಾಡಿಕೊಡುತ್ತವೆ. ಜಾಲದ ಬಿಂದುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಕಲ್ಲು ಚೆನ್ನಾಗಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮಾದರಿ ಸಿದ್ಧವಾದೊಡನೆ ನಾನು ಮಾಡುವ ಮೊದಲ ಕೆಲಸ ಅದರ ಬಣ್ಣವನ್ನು ತೆಗೆದುಹಾಕುವುದು. ಪಾಚಿ, ಕುಂಕುಮ, ಮಳೆಯ ಕಲೆ ಎಲ್ಲ ಮಾಯವಾಗಿ ಬೂದುಬಣ್ಣದ ಮೇಲ್ಮೈ ಉಳಿದಾಗ, ತೆರೆಯ ಮೇಲೆ ದೀಪವನ್ನು ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ಹಾಯಿಸುತ್ತ ಹೋಗಬಹುದು. ಹಿಂದೆ ಶಾಸನ ಓದುವವರು ಸಂಜೆಯ ಓರೆ ಬಿಸಿಲಿಗೆ ಕಾದೋ, ಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಮೇಲೆ ಹಾಯಿಸಿಯೋ ಇದನ್ನೇ ಮಾಡುತ್ತಿದ್ದರು. ವ್ಯತ್ಯಾಸವೆಂದರೆ ಈಗ ಸೂರ್ಯ ನಾವು ಹೇಳಿದ ಕಡೆ ನಿಲ್ಲುತ್ತಾನೆ. ನೇರ ಬೆಳಕಿನಲ್ಲಿ ಪ ಮತ್ತು ವ ಒಂದೇ ರೀತಿ ಕಾಣುವ ಸವೆದ ಸಾಲಿನಲ್ಲಿ, ದೀಪವನ್ನು ಕೆಳಗಿನಿಂದ ಹಾಯಿಸಿದಾಗ ಸುರುಳಿಯ ಮುಚ್ಚಿದ ಬದಿ ನೆರಳು ಹಿಡಿದು ಅನುಮಾನ ಬಗೆಹರಿದದ್ದು ಒಂದೆರಡು ಸಲವಲ್ಲ. ಮಾದರಿಯ ಕೊಂಡಿಯನ್ನು ಕಳಿಸಿದರೆ ಮೈಸೂರಿನಲ್ಲೋ ಧಾರವಾಡದಲ್ಲೋ ಕೂತ ವಿದ್ವಾಂಸರು ಅದೇ ಸಾಲನ್ನು ತಿರುಗಿಸಿ ನೋಡಿ, ನನ್ನ ಓದನ್ನು ತಿದ್ದಬಲ್ಲರು. ಮುದ್ರಿತ ಪಾಠವನ್ನು ಪರಿಶೀಲಿಸುವ ಅವಕಾಶ ಹೀಗೆ ಎಲ್ಲರಿಗೂ ತೆರೆದುಕೊಂಡಿರುವುದೇ ಈ ತಂತ್ರದ ದೊಡ್ಡ ಲಾಭವೆಂದು ನನಗೆ ತೋರುತ್ತದೆ.

ಪಾಠವನ್ನು ಟೈಪು ಮಾಡುವಾಗಲೂ ಎಚ್ಚರ ಬೇಕು. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಕಂಪ್ಯೂಟರಿನ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ಸ್ಥಾನವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಶಾಸನವು ಹೆಬ್ಬಾಳವನ್ನು ಪೆರ್ಬೊೞಲ್ ಎನ್ನುತ್ತದೆ. ಇದನ್ನು ಹಾಗೆಯೇ ಬರೆಯಬೇಕು. ಆದರೆ ಹೆಬ್ಬಾಳ ಎಂದು ಹುಡುಕುವ ವಿದ್ಯಾರ್ಥಿಗೂ ಸಿಗಬೇಕಾದರೆ ಈಗಿನ ಹೆಸರನ್ನು ಪಕ್ಕದ ಅಂಕಣದಲ್ಲಿ ತುಂಬಬೇಕು. ನಾವು ಪ್ರತಿ ಕಲ್ಲಿಗೂ ಹಳೆಯ ಹೆಸರು, ಈಗಿನ ಬಡಾವಣೆಯ ಹೆಸರು, ರೈಸ್ ಸಂಪುಟದ ಸಂಖ್ಯೆ, ಅಕ್ಷಾಂಶ, ರೇಖಾಂಶ, ಕಲ್ಲು ಮುಖ ಮಾಡಿರುವ ದಿಕ್ಕು, ಅದನ್ನು ಈಗ ನೋಡಿಕೊಳ್ಳುತ್ತಿರುವವರು ದೇವಸ್ಥಾನದ ಸಮಿತಿಯೋ ಊರಿನವರೋ ಎಂಬ ವಿವರ, ಇಷ್ಟನ್ನು ದಾಖಲಿಸುತ್ತೇವೆ.

ದಿಕ್ಕು, ಜಾಗ ಇವುಗಳಿಗೆ ನಾನು ಇಷ್ಟು ಒತ್ತು ಕೊಡುವುದನ್ನು ಕಂಡು ಗೆಳೆಯರು ಸರ್ವೆಯವನ ಚಟ ಎನ್ನುವುದುಂಟು. ಆದರೆ ದಾನಶಾಸನವೆಂದರೆ ಒಂದು ನಿರ್ದಿಷ್ಟ ಗದ್ದೆಯ, ಒಂದು ನಿರ್ದಿಷ್ಟ ಕೆರೆಯ ಕೆಳಗಿನ ಭೂಮಿಯ ಪತ್ರ. ಮೂಡಲಿಗೆ ಇದು, ತೆಂಕಲಿಗೆ ಅದು ಎಂದು ಎಲ್ಲೆ ಹೇಳುವ ಕಲ್ಲನ್ನು ಅದರ ಜಾಗದಿಂದ ಕಿತ್ತರೆ ಅರ್ಧ ಮಾತು ನೆಲದಲ್ಲೇ ಉಳಿದುಹೋಗುತ್ತದೆ. ಚರಂಡಿ ಕಾಮಗಾರಿಯೊಂದರ ಉಸ್ತುವಾರಿ ವಹಿಸಿದ್ದವರು ನಮ್ಮ ಮಾದರಿಯನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿ, "ಸ್ಕ್ಯಾನ್ ಆಯ್ತಲ್ಲ ಸಾರ್, ಇನ್ನು ಕಲ್ಲು ತೆಗೆದರೆ ತೊಂದರೆ ಏನು?" ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಡಿಜಿಟಲ್ ಪ್ರತಿಗಳ ಜೊತೆಗೇ ಹುಟ್ಟಿಕೊಂಡಿರುವ ಅಪಾಯ ಇದೇ. ಅಂದಿನಿಂದ ನಾವು ಸ್ಕ್ಯಾನ್ ಮಾಡಿದ ಪ್ರತಿ ಕಲ್ಲಿನ ಬಗ್ಗೆ ಒಂದು ಪುಟದ ಕನ್ನಡ ಟಿಪ್ಪಣಿಯನ್ನು ಸ್ಥಳೀಯ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುತ್ತೇವೆ.

ಊರಿನವರಿಗೆ ಇದರಿಂದ ಸಿಗುವುದು ಬೇರೆ ಬಗೆಯದು. ಒಪ್ಪಿದ ಕಡೆ ಕಲ್ಲಿನ ಪಕ್ಕದಲ್ಲಿ ಕ್ಯೂಆರ್ ಫಲಕ ಹಾಕಿದ್ದೇವೆ. ಅದನ್ನು ಮೊಬೈಲಿನಲ್ಲಿ ತೆರೆದರೆ ಬೂದು ಮಾದರಿ, ಸಾಲುಸಾಲಿನ ಪಾಠ, ಇಂದಿನ ಕನ್ನಡದ ತಾತ್ಪರ್ಯ ಮತ್ತು ಅದನ್ನು ಓದಿಹೇಳುವ ಧ್ವನಿ ಬರುತ್ತವೆ. ಧ್ವನಿಯನ್ನೇ ಜನ ಹೆಚ್ಚು ಬಳಸುತ್ತಾರೆ. 3ಡಿ ಮುದ್ರಣದ ತುಣುಕೊಂದನ್ನು ಶಾಲೆಯೊಂದರಲ್ಲಿ ಮಕ್ಕಳ ಕೈಗೆ ಕೊಟ್ಟಾಗ ಅವರು ಅಕ್ಷರಗಳ ಗುಳಿಯಲ್ಲಿ ಬೆರಳಾಡಿಸುತ್ತ ಈಗಿನ ಗ, ನ, ಮ ಅಕ್ಷರಗಳನ್ನು ಹುಡುಕಿದರು. ವರ್ಚುವಲ್ ರಿಯಾಲಿಟಿಯ ಕನ್ನಡಕವನ್ನೂ ಒಮ್ಮೆ ತಂದು ನೋಡಿದೆವು. ಕಲ್ಲು ಎದುರಿಗೇ ಇರುವಾಗ ಕಣ್ಣು ಮುಚ್ಚಿಕೊಂಡು ಅದರ ನೆರಳನ್ನು ನೋಡುವ ಆ ಏರ್ಪಾಟು ನನಗೆ ಹಿಡಿಸಲಿಲ್ಲ.

ಕಡತಗಳ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ತಂತ್ರಾಂಶಗಳು ಬದಲಾಗುತ್ತವೆ, ಮೂಲ ಚಿತ್ರಗಳಿದ್ದರೆ ಮುಂದಿನವರು ಇನ್ನೂ ಒಳ್ಳೆಯ ಮಾದರಿ ಕಟ್ಟಿಕೊಳ್ಳಬಹುದು. ಆದ್ದರಿಂದ ಚಿತ್ರಗಳನ್ನು ಅಳಿಸುವುದಿಲ್ಲ. ಮೂರು ಪ್ರತಿಗಳು, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಕಲ್ಲಿರುವ ನಿಖರ ಜಾಗವನ್ನು ನಕ್ಷೆಯಲ್ಲಿ ಎಲ್ಲರಿಗೂ ತೋರಿಸಬೇಕೇ ಎಂಬ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ. ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ, ಕಾಡಂಚಿನ ಒಂಟಿ ಕಲ್ಲಾಗಿದ್ದರೆ ನಾನೂ ಮರೆಮಾಡುತ್ತಿದ್ದೆ. ಆದರೆ ಬೆಂಗಳೂರಿನಲ್ಲಿ ಶಾಸನಗಳನ್ನು ಹಾರೆಗಿಂತ ಹೆಚ್ಚಾಗಿ ಜೆಸಿಬಿ ನುಂಗುತ್ತಿದೆ, ಅದರ ಚಾಲಕನಿಗೂ ಕೆಲಸ ಕೊಟ್ಟ ಎಂಜಿನಿಯರಿಗೂ ಅಲ್ಲೊಂದು ಕಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಹಾಗಾಗಿ ನಗರದೊಳಗಿನ ಕಲ್ಲುಗಳ ಅಕ್ಷಾಂಶ, ರೇಖಾಂಶಗಳನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಅಂತರ್ಜಾಲದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸುತ್ತಿದ್ದೇವೆ, ಊರಾಚೆಯವನ್ನು ಕೇಳಿದ ಸಂಶೋಧಕರಿಗೆ ಮಾತ್ರ ಕೊಡುತ್ತಿದ್ದೇವೆ.