ಕಾರಿನೊಳಗೆ ನೀರು: ಎಲ್ಲಿಂದ ಬಂತು, ಹೇಗೆ ತಡೆಯುವುದು?

ಬೆಳಿಗ್ಗೆ ಕಾರಿನ ಬಾಗಿಲು ತೆಗೆದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ. ಗಾಜಿಗೆಲ್ಲ ಒಳಗಿನಿಂದ ಹಬೆ ಕಟ್ಟಿರುತ್ತದೆ. ಕಾಲಿಟ್ಟರೆ ಮ್ಯಾಟ್ ಕೆಳಗೆ ಪಚಕ್ ಅನ್ನುತ್ತದೆ. ಮುಂಗಾರು ಹಿಡಿದು ಎರಡು ವಾರ ಆಗುವಷ್ಟರಲ್ಲಿ ನಮ್ಮ ಶಿವಮೊಗ್ಗದ ಕಡೆ ಈ ಮಾತು ಎಲ್ಲರ ಬಾಯಲ್ಲೂ ಕೇಳುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಕಾರಿಗೂ ಹೀಗೇ ಆಯಿತು. ಗ್ಯಾರೇಜಿಗೆ ಒಯ್ದೆ, ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದು ಕೊಟ್ಟರು. ಮುಂದಿನ ಮಳೆಗೆ ಮತ್ತೆ ನೀರು. ಇನ್ನೊಂದು ಕಡೆ ತೋರಿಸಿದೆ, ಬಾಗಿಲಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ ಬದಲಿಸಿದರು. ಆಗಲೂ ನೀರು. ಕೊನೆಗೆ ಒಂದು ಭಾನುವಾರ ನಾನೇ ಬಾನೆಟ್ ಎತ್ತಿ, ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿ ಬಿಚ್ಚಿದೆ. ಒಳಗೆ ಕರಿ ಗೊಬ್ಬರ! ಮನೆ ಮುಂದೆ ಹೊಂಗೆ ಮರವಿದೆ. ಬೇಸಿಗೆಯಲ್ಲಿ ಅದರ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ಉದುರುತ್ತದೆ. ಅದೆಲ್ಲ ಜಾಲರಿಯ ಸಂದಿಯಲ್ಲಿ ಇಳಿದು, ಕೊಳೆತು, ಮೂಲೆಯಲ್ಲಿದ್ದ ತೂತನ್ನು ಬಿರಡೆ ಹಾಕಿದ ಹಾಗೆ ಮುಚ್ಚಿತ್ತು. ಕೈ ಹಾಕಿ ಕೆದಕಿದ್ದೇ ತಡ, ನಿಂತಿದ್ದ ನೀರು ಗಳಗಳ ಅಂತ ಚಕ್ರದ ಹಿಂದೆ ಸುರಿದುಹೋಯಿತು. ಖರ್ಚು ಸೊನ್ನೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಹನಿ ಒಳಗೆ ಬಂದಿಲ್ಲ.

ಸೋರುವ ಕಾರಿನ ಮುಂದೆ ಕೂರುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಕಾರು ಡಬ್ಬಿಯ ಹಾಗೆ ಪೂರ್ತಿ ಮುಚ್ಚಿದ್ದಲ್ಲ. ವೈಪರ್ ಕೆಳಗೆ, ಬಾಗಿಲುಗಳ ಹೊಟ್ಟೆಯೊಳಗೆ, ಸನ್‌ರೂಫ್ ಸುತ್ತ ನೀರು ಬರುವುದು ಸಹಜವೇ. ಹೆಂಚಿನ ಮನೆಗೆ ದೋಣಿ ಕಟ್ಟುವ ಹಾಗೆ, ಆ ನೀರನ್ನು ಹೊರಗೆ ಬಿಡಲು ಕಾರಿನಲ್ಲೂ ತೂತು, ಕೊಳವೆಗಳಿವೆ. ಅವು ಕಟ್ಟಿಕೊಂಡಾಗ ನೀರು ಒಳಗೆ ನುಗ್ಗುತ್ತದೆ. ಆದ್ದರಿಂದ ಮೊದಲು ದಾರಿ ಬಿಡಿಸಿ. ಸೀಲೆಂಟ್ ಟ್ಯೂಬು ಆಮೇಲೆ ನೋಡೋಣ.

ಮೊದಲು ಕೈಯಿಂದ ಮುಟ್ಟಿ ನೋಡಿ

ಮ್ಯಾಟ್ ಎತ್ತಿ, ಕಾರ್ಪೆಟ್ ಒತ್ತಿ, ಬೆರಳಿಗೆ ಹತ್ತಿದ್ದು ಎಂಥ ನೀರು ನೋಡಿ. ಮಳೆನೀರಾದರೆ ಮಣ್ಣಿನ ವಾಸನೆ, ಸ್ವಲ್ಪ ಕೆಸರು ಇರುತ್ತದೆ. ಮಳೆಯೇ ಇಲ್ಲದ ದಿನ, ಎಸಿ ಹಾಕಿ ಓಡಾಡಿದ ಮೇಲೆ, ಮುಂದಿನ ಎಡಗಡೆ ಸೀಟಿನ ಕಾಲಿನ ಹತ್ತಿರ ತಿಳಿನೀರು ಕಂಡರೆ ಅದು ಎಸಿಯದು. ಬೆರಳು ಜಾರುವ ಹಾಗಿದ್ದು, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಸೋರುತ್ತಿದೆ ಅಂತ ಅರ್ಥ. ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಸುಕು ಕೂರುವುದು, ಬಾನೆಟ್ ಒಳಗಿನ ಕೂಲೆಂಟ್ ಬಾಟಲಿಯ ಮಟ್ಟ ಇಳಿಯುತ್ತಾ ಹೋಗುವುದು ಇದರ ಇನ್ನೆರಡು ಗುರುತು. ಇದನ್ನು ಮನೆಯಲ್ಲಿ ಸರಿ ಮಾಡಲು ಹೋಗಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಕೂಲೆಂಟ್ ವಿಷ. ಮಕ್ಕಳು, ನಾಯಿ, ಬೆಕ್ಕು ಅದರ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

ಆಮೇಲೆ ಎಲ್ಲಿ ಒದ್ದೆ ಅಂತ ಗುರುತು ಮಾಡಿಕೊಳ್ಳಿ. ಮುಂದೆ ಕಾಲಿಡುವ ಜಾಗ ಒದ್ದೆಯಾದರೆ ವೈಪರ್ ಬುಡದ ಜಾಲರಿಯ ಕೆಳಗೆ ನೀರು ಕೂಡುವ ತೊಟ್ಟಿ, ಎಸಿ ನೀರು ಹೊರಗೆ ಬಿಡುವ ಕೊಳವೆ, ಇಲ್ಲವೇ ಮುಂದಿನ ಗಾಜು. ಬಾಗಿಲಿನ ಪಕ್ಕದ ಅಂಚು ಮಾತ್ರ ಒದ್ದೆಯಾದರೆ ಬಾಗಿಲು. ತಲೆ ಮೇಲಿನ ಬಟ್ಟೆಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಕಂಡರೆ ಸನ್‌ರೂಫ್ ಅಥವಾ ಆಂಟೆನಾ ಬುಡ. ಇದು ಬರೀ ಅಂದಾಜು. ನೀರು ಒಳಗಿನ ವೈರ್ ಹಿಡಿದುಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆ ಹರಿದು ತೊಟ್ಟಿಕ್ಕುವುದುಂಟು.

ವೈಪರ್ ಕೆಳಗಿನ ತೊಟ್ಟಿ

ಜಾಸ್ತಿ ತೊಂದರೆ ಕೊಡುವುದು ಇದೇ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಮುಂದಿನ ಗಾಜು ಹೆಚ್ಚುಕಡಿಮೆ ಒಂದು ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಆಗುಂಬೆ ಕಡೆ ಮಳೆಗಾಲದಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ಹೊಸದೇನಲ್ಲ. ಅಂದರೆ ಆ ಗಾಜಿನ ಮೇಲಿಂದಲೇ 100 ಲೀಟರ್, ದೊಡ್ಡ ಬಕೆಟ್‌ನಲ್ಲಿ ಐದು ಬಕೆಟ್ ನೀರು ಇಳಿದು ಈ ತೊಟ್ಟಿಗೆ ಬರುತ್ತದೆ. ಎರಡು ಮೂಲೆಯ ತೂತುಗಳು ಅಷ್ಟನ್ನೂ ಹೊರಗೆ ಹಾಕಬೇಕು. ಅವು ಕಟ್ಟಿಕೊಂಡರೆ ನೀರು ತುಂಬಿ, ಎಸಿಯ ಗಾಳಿ ಊದುವ ಫ್ಯಾನ್ (ಬ್ಲೋವರ್) ಗಾಳಿ ಎಳೆಯುವ ಬಾಯಿಯಿಂದ ನೇರ ಕಾಲ ಬುಡಕ್ಕೆ ಇಳಿಯುತ್ತದೆ.

ಬಾನೆಟ್ ತೆಗೆದು ಜಾಲರಿ ನೋಡಿ. ಮೇಲೆ ಕಾಣುವ ಎಲೆ ಕೈಯಲ್ಲೇ ತೆಗೆಯಬಹುದು. ಕೆಲವು ಕಾರುಗಳಲ್ಲಿ ವೈಪರ್ ತೋಳು ಬಿಚ್ಚಿದ ಮೇಲೇ ಜಾಲರಿ ಬರುತ್ತದೆ. ಬಿಚ್ಚುವ ಮುಂಚೆ ವೈಪರ್ ನಿಂತಿದ್ದ ಜಾಗವನ್ನು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಒಳಗಿನ ಕಸವನ್ನು ತೂತಿನೊಳಗೆ ತಳ್ಳಬೇಡಿ, ಮೇಲಕ್ಕೆ ಎತ್ತಿ ತೆಗೆಯಿರಿ. ಆಮೇಲೆ ಚೊಂಬಿನಲ್ಲಿ ನಿಧಾನ ನೀರು ಹಾಕಿ. ಎರಡೂ ಕಡೆ ಚಕ್ರದ ಹಿಂದೆ ನೀರು ಇಳಿಯಬೇಕು. ಒಂದೇ ಕಡೆ ಇಳಿದರೆ ಇನ್ನೊಂದು ಇನ್ನೂ ಕಟ್ಟಿದೆ. ಹೊಂಗೆ ಹೂವು, ಹುಣಸೆ ಎಲೆ, ಗುಲ್‌ಮೊಹರ್ ಎಲೆ ಜಾಲರಿಯ ಸಂದಿಯಲ್ಲಿ ಸಲೀಸಾಗಿ ನುಸುಳುತ್ತವೆ. ಅಂಥ ಮರದ ಕೆಳಗೆ ಕಾರು ನಿಲ್ಲಿಸುವವರು ಮೇ ತಿಂಗಳ ಕೊನೆಗೆ ಒಂದು ಸಲ ಈ ಕೆಲಸ ಮಾಡಿಬಿಡಿ.

ಗ್ಲೋವ್ ಬಾಕ್ಸ್ ಹಿಂದೆ ಎಸಿ ಫಿಲ್ಟರ್ ಇದ್ದರೆ ಅದನ್ನೂ ಎಳೆದು ನೋಡಿ. ಫಿಲ್ಟರ್ ಒದ್ದೆಯಾಗಿ, ಅದರ ಮೇಲೆ ಎಲೆಚೂರು ಇದ್ದರೆ ನೀರು ಬಂದಿದ್ದು ಈ ದಾರಿಯಲ್ಲೇ. ಇಲಿ ಗೂಡು ಸಿಕ್ಕರೂ ಆಶ್ಚರ್ಯವಿಲ್ಲ. ಆಗ ಇಂಜಿನ್ ಕಡೆಯಿಂದ ವೈರ್ ಒಳಗೆ ಬರುವ ತೂತುಗಳಿಗೆ ಕೂರಿಸಿದ ರಬ್ಬರ್ ಬುಶ್‌ಗಳನ್ನೂ ನೋಡಬೇಕು. ಇಲಿ ಅವನ್ನು ಕಡಿದಿರಬಹುದು. ಹೊಸ ಹಾರ್ನ್, ಫಾಗ್ ಲ್ಯಾಂಪ್ ಹಾಕಿಸುವಾಗ ಈ ಬುಶ್ ತೂತು ಮಾಡಿ ಹಾಗೇ ಬಿಡುವವರೂ ಇದ್ದಾರೆ.

ಎಸಿ ಕೊಳವೆ

ಕಾರನ್ನು ನಿಂತಲ್ಲೇ ಇಪ್ಪತ್ತು ನಿಮಿಷ ಎಸಿ ಹಾಕಿ ಬಿಟ್ಟು, ಕೆಳಗೆ ನೋಡಿ. ಸೆಖೆಯ ದಿನ ನೆಲದ ಮೇಲೆ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದೆ ಒಳಗಿನ ಕಾರ್ಪೆಟ್ ನೆನೆಯುತ್ತಿದ್ದರೆ ಎಸಿ ನೀರು ಹೊರಗೆ ಬಿಡುವ, ಹೆಬ್ಬೆರಳು ಗಾತ್ರದ ರಬ್ಬರ್ ಕೊಳವೆ ಕಟ್ಟಿದೆ. ಧೂಳು, ಪಾಚಿ ಕಟ್ಟುತ್ತದೆ. ಕುಂಬಾರ ಹುಳ ಮಣ್ಣಿನ ಗೂಡು ಮಾಡುವುದೂ ಉಂಟು. ಹೊರಗಿನ ತುದಿಯಿಂದ ಮೆತ್ತನೆಯ ನೈಲಾನ್ ತಂತಿ ಸ್ವಲ್ಪವೇ ಆಡಿಸಿದರೆ ಸಾಕು. ಕಬ್ಬಿಣದ ತಂತಿ ಬೇಡ, ಒಳಗಿರುವ ಎಸಿ ಕಾಯಿಲ್‌ಗೆ ಚುಚ್ಚಿದರೆ ದೊಡ್ಡ ಖರ್ಚು. ಬರೀ ಜ್ಯಾಕ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ನುಗ್ಗಬೇಡಿ.

ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ

ಕಿಟಕಿ ಗಾಜಿನ ಸಂದಿಯಲ್ಲಿ ಇಳಿದ ನೀರು ಬಾಗಿಲಿನ ಒಳಗೆ ಹರಿದು, ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಬಾಗಿಲು ತೆಗೆದು ತಳದ ಅಂಚು ಸವರಿ ನೋಡಿ, ಎರಡು ಮೂರು ಸಣ್ಣ ತೂತು ಸಿಗುತ್ತವೆ. ಕೆಸರು ಕಟ್ಟಿದ್ದರೆ ಪೊರಕೆ ಕಡ್ಡಿಯಿಂದ ಬಿಡಿಸಿ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ತೂತು ಕಟ್ಟಿದೆ ಅಂತಲೇ ತಿಳಿಯಿರಿ.

ಬಾಗಿಲಿನ ಒಳಮುಖದ ಹಲಗೆ, ಅಂದರೆ ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಾಗಿಲೊಳಗಿನ ನೀರು ಕಾರಿನ ಒಳಗೆ ಬರದ ಹಾಗೆ ತಡೆಯುವುದು ಈ ಹಾಳೆಯೇ. ಸ್ಪೀಕರ್, ಸೆಂಟ್ರಲ್ ಲಾಕ್ ಹಾಕುವವರು ಇದನ್ನು ಹರಿದು, ಮತ್ತೆ ಸರಿಯಾಗಿ ಅಂಟಿಸದೆ ಬಿಡುತ್ತಾರೆ. ಹೊಸ ಸ್ಪೀಕರ್ ಹಾಕಿಸಿದ ಮೇಲೆ ಸೋರಲು ಶುರುವಾಗಿದ್ದರೆ ಬೇರೆ ಕಡೆ ಹುಡುಕುವ ಮುಂಚೆ ಇಲ್ಲಿ ನೋಡಿ. ಪ್ಯಾಡ್ ತೆಗೆಯಲು ಹಿಡಿಕೆ ಹತ್ತಿರದ ಸ್ಕ್ರೂ ಬಿಚ್ಚಿ, ಸುತ್ತಲಿನ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಹಳೇ ಅಂಟು ಒರೆಸಿ, ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಹಾಕಿ ಹಾಳೆ ಮತ್ತೆ ಅಂಟಿಸಿ. ಹಾಳೆ ಹರಿದಿದ್ದರೆ ದಪ್ಪ ಪಾಲಿಥೀನ್ ಅದೇ ಅಳತೆಗೆ ಕತ್ತರಿಸಿದರಾಯಿತು. ಕೆಳಗಿನ ಅಂಚಿನಲ್ಲಿ ಎಳ್ಳಷ್ಟೂ ಸಂದಿ ಬಿಡಬಾರದು. ನೀರು ಬಂದು ಕೂರುವುದು ಅಲ್ಲೇ.

ಬೀಡಿಂಗ್ ಪರೀಕ್ಷೆ ಸುಲಭ. ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಚಪ್ಪಟೆಯಾಗಿದೆ ಅಥವಾ ಕಿತ್ತು ಬಂದಿದೆ. ಕಿತ್ತಿದ್ದರೆ ಕೈಯಲ್ಲೇ ಒತ್ತಿ ಕೂರಿಸಬಹುದು.

ಸನ್‌ರೂಫ್

ಸನ್‌ರೂಫ್ ಸುತ್ತ ಒಂದು ಸಣ್ಣ ಕಾಲುವೆ, ಸಾಮಾನ್ಯವಾಗಿ ಅದರ ನಾಲ್ಕು ಮೂಲೆಯಲ್ಲಿ ನಾಲ್ಕು ಕೊಳವೆ ಇರುತ್ತವೆ. ಸನ್‌ರೂಫ್ ತೆಗೆದು ಒಂದೊಂದು ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಹಾಕಿ. ಇಳಿಯದೆ ನಿಂತರೆ ಆ ಕೊಳವೆ ಕಟ್ಟಿದೆ. ಇದಕ್ಕೆ ಒಳ್ಳೆಯ ಉಪಾಯ ಹೇಳಿಕೊಟ್ಟಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಭಾವ. ಅಡಿಕೆ ತೋಟದ ಕಳೆ ಕೊಚ್ಚುವ ಮೆಷಿನ್‌ಗೆ ಹಾಕುವ ನೈಲಾನ್ ದಾರ ಇರುತ್ತದಲ್ಲ, ಅದನ್ನೇ ಒಂದೆರಡು ಮೀಟರ್ ಕತ್ತರಿಸಿ, ತುದಿಯನ್ನು ಬೆಂಕಿ ತೋರಿಸಿ ಗುಂಡಗೆ ಮಾಡಿಕೊಟ್ಟರು. ಬಾಗುತ್ತದೆ, ಆದರೆ ಮಡಚಿಕೊಳ್ಳುವುದಿಲ್ಲ. ಕೊಳವೆಗೂ ಗಾಯವಿಲ್ಲ. ಪಂಕ್ಚರ್ ಅಂಗಡಿಯ ಜೋರು ಗಾಳಿ ಮಾತ್ರ ಹೊಡೆಸಬೇಡಿ. ಒಳಗಿನ ಜಾಯಿಂಟ್ ಕಳಚಿಕೊಂಡರೆ ಚಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ.

ಇಷ್ಟಾದರೂ ಸಿಗದಿದ್ದರೆ ಪೈಪ್ ಹಿಡಿಯಿರಿ

ಇದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು ಹೊರಗೆ. ಮೊದಲು ಒಳಗೆಲ್ಲ ಒಣಗಿಸಿ, ಅನುಮಾನ ಇರುವ ಕಡೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ನೀರು ಹರಿದ ಕಡೆ ಗೆರೆ ಎದ್ದು ಕಾಣುತ್ತದೆ. ವಾಟರ್ ವಾಶ್‌ನ ಪ್ರೆಶರ್ ಬೇಡ, ಅದು ಸರಿಯಿರುವ ರಬ್ಬರ್ ಒಳಗೂ ನೀರು ನುಗ್ಗಿಸುತ್ತದೆ.

ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿ ಮೇಲೆ ನೀರು ಬಿಟ್ಟರೆ ಅದು ಎಲ್ಲ ಕಡೆ ಹರಿದು, ಸೋರಿದ್ದು ಎಲ್ಲಿಂದ ಅಂತ ತಿಳಿಯುವುದೇ ಇಲ್ಲ. ಬಾಗಿಲಿನ ತಳ, ಆಮೇಲೆ ಕಿಟಕಿ ಅಂಚು, ಮುಂದಿನ ಗಾಜಿನ ಬುಡ, ಗಾಜಿನ ಪಕ್ಕ, ಕೊನೆಗೆ ಚಾವಣಿ. ಒಂದೊಂದು ಜಾಗಕ್ಕೆ ಐದು ನಿಮಿಷವಾದರೂ ಕೊಡಿ. ಇಲ್ಲಿ ಅವಸರ ಮಾಡಿದರೆ ಇಡೀ ಕೆಲಸ ಹಾಳು.

ಮುಂದಿನ ಗಾಜಿನ ಮೇಲೇ ಅನುಮಾನ ಇದ್ದರೆ ಇನ್ನೊಂದು ದಾರಿ ಇದೆ. ಕಿಟಕಿ ಎಲ್ಲ ಮುಚ್ಚಿ, ಹೊರಗಿನ ಗಾಳಿ ಬರುವ ಹಾಗೆ ಇಟ್ಟು ಬ್ಲೋವರ್ ಪೂರ್ತಿ ಹಾಕಿ. ಗಾಜಿನ ಅಂಚಿಗೆ ಹೊರಗಿನಿಂದ ಸೋಪಿನ ನೀರು ಬಳಿಯಿರಿ. ಸಂದಿ ಇದ್ದ ಕಡೆ ಗುಳ್ಳೆ ಏಳುತ್ತದೆ, ಪಂಕ್ಚರ್ ನೋಡಿದ ಹಾಗೆಯೇ. ಒಡೆದ ಗಾಜು ಬದಲಿಸಿದ ಕಾರುಗಳಲ್ಲಿ ಇದು ಆಗುತ್ತಿರುತ್ತದೆ. ಗಾಜನ್ನು ಕೂರಿಸಿರುವುದು ಪಿಯು (ಪಾಲಿಯುರಿಥೇನ್) ಅಂಟಿನಿಂದ. ಸರಿ ಮಾಡಬೇಕಾದರೂ ಅದೇ ಬೇಕು, ಗಾಜಿನ ಕೆಲಸ ಗೊತ್ತಿರುವವರೇ ಮಾಡಬೇಕು. ಅಪಘಾತದಲ್ಲಿ ಕಾರಿನ ಚಾವಣಿಗೆ, ಏರ್‌ಬ್ಯಾಗ್‌ಗೆ ಆ ಗಾಜು ಆಸರೆ. ವಿನೆಗರ್ ವಾಸನೆ ಬರುವ ಮನೆಬಳಕೆಯ ಸಿಲಿಕೋನ್ ಹಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ, ಮುಂದೆ ಪಿಯು ಅಂಟು ಕೂಡ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ನನ್ನ ಕಾರಿಗೆ ಬಳಿದಿದ್ದನ್ನು ಕೆರೆದು ತೆಗೆಯಲು ಎರಡು ಸಂಜೆ ಹಿಡಿಯಿತು.

ಡಿಕ್ಕಿಯಲ್ಲಿ ನೀರಿದ್ದರೆ ಸ್ಟೆಪ್ನಿ ಎತ್ತಿ ಗುಂಡಿ ನೋಡಿ. ಸಾಮಾನ್ಯವಾಗಿ ಹಿಂದಿನ ಲೈಟಿನ ಸುತ್ತಲಿನ ಗ್ಯಾಸ್ಕೆಟ್ (ನೀರು ತಡೆಯುವ ಪಟ್ಟಿ), ಡಿಕ್ಕಿ ಬೀಡಿಂಗ್ ಇವೆರಡರಲ್ಲಿ ಒಂದಿರುತ್ತದೆ. ಲೈಟ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಒಣಗಿಸುವುದು

ಸೋರುವುದು ನಿಂತರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಕಾರ್ಪೆಟ್ ಕೆಳಗೆ ದಪ್ಪ ಸ್ಪಂಜು ಇಲ್ಲವೇ ನಾರಿನ ಹಾಸು ಇರುತ್ತದೆ. ಮೇಲೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಕೆಳಗೆ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಬೂಸು, ವಾಸನೆ, ತುಕ್ಕು ಎಲ್ಲ ಅಲ್ಲಿಂದಲೇ. ಸೀಟಿನ ಕೆಳಗೆ ಹಾದುಹೋಗುವ ವೈರಿಂಗ್ ಜೋಡಣೆಗೆ ಹಸಿರು ಕಿಲುಬು ಹಿಡಿದರೆ ಪವರ್ ವಿಂಡೋ ಕೈಕೊಡುತ್ತದೆ, ಏರ್‌ಬ್ಯಾಗ್ ಲೈಟ್ ಹತ್ತಿಕೊಳ್ಳುತ್ತದೆ.

ಹಾಸು ಪೂರ್ತಿ ಎತ್ತಲು ಸೀಟು ಬಿಚ್ಚಬೇಕು. ಹೆಚ್ಚಿನ ಕಾರುಗಳಲ್ಲಿ ನಾಲ್ಕು ಬೋಲ್ಟ್. ಆದರೆ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ದು. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಕೈ ಹಾಕಿ. ಧೈರ್ಯ ಸಾಲದಿದ್ದರೆ ಈ ಒಂದು ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ವೈರ್ ಮುಟ್ಟಲೇಬೇಡಿ.

ಬಿಸಿಲಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಎಲ್ಲಿಯ ಬಿಸಿಲು, ಅಲ್ವಾ? ಹಾಸನ್ನು ಟವೆಲಿನಿಂದ ಒತ್ತಿ ಒತ್ತಿ ನೀರು ಹಿಂಡಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ರಾತ್ರಿಯಿಡೀ ಟೇಬಲ್ ಫ್ಯಾನ್ ಬಿಡಿ. ಬಾಗಿಲು ತೆರೆದಿಡುವಾಗ ಒಳಗಿನ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಕಾರು ಓಡಿಸುವಾಗ ಎಸಿ ಹಾಕಿ, ಉಷ್ಣತೆಯ ಗುಂಡಿಯನ್ನು ಬಿಸಿ ಕಡೆ ತಿರುಗಿಸಿ. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಅದನ್ನು ಬಿಸಿ ಮಾಡುತ್ತದೆ, ಹಾಸು ಬೇಗ ಆರುತ್ತದೆ.

ಒಣಗಿದ ಕೂಡಲೇ ಕಾರ್ಪೆಟ್ ಮತ್ತೆ ಹಾಕಿಬಿಡಬೇಡಿ. ಬರೀ ತಗಡಿನ ಮೇಲೆ ಹಳೇ ಪೇಪರ್ ಹಾಸಿ, ಎರಡು ಜೋರು ಮಳೆಗೆ ಕಾರು ಹೊರಗೆ ನಿಲ್ಲಿಸಿ. ಪೇಪರ್ ಗರಿಗರಿಯಾಗಿಯೇ ಇದ್ದರೆ ಕಾರ್ಪೆಟ್ ಹಾಸಿ, ಸೀಟಿನ ಬೋಲ್ಟ್ ಬಿಗಿ ಮಾಡಿ. ಎಲ್ಲಾದರೂ ಒಂದು ಮೂಲೆ ನೆನೆದಿದ್ದರೆ, ಆ ಮೂಲೆಯಿಂದಲೇ ಮತ್ತೆ ಪೈಪ್ ಹಿಡಿಯಿರಿ.