ಡೆಬಿಯನ್ 12ಕ್ಕೆ ಹೋದ ಮೇಲೆ ಡಿಎನ್‌ಎಸ್ ಕೈಕೊಟ್ಟಾಗ

ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 11ನೇ ಆವೃತ್ತಿಯಲ್ಲಿದ್ದ ಒಂದು ಚಿಕ್ಕ ಸರ್ವರನ್ನು 12ಕ್ಕೆ ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟೆ. ಎಸ್‌ಎಸ್‌ಎಚ್‌ನಲ್ಲಿ ಸಲೀಸಾಗಿ ಒಳಗೆ ಹೋದೆ. ಆದರೆ ಪ್ಯಾಕೇಜ್‌ಗಳನ್ನು ನೋಡಿಕೊಳ್ಳೋ ಆಪ್ಟ್‌ನಲ್ಲಿ ಅಪ್‌ಡೇಟ್ ಹೊಡೆದರೆ ಒಂದೇ ರಾಗ, ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’. ಅಂದ್ರೆ ಸೈಟುಗಳ ಹೆಸರನ್ನು ಐಪಿ ವಿಳಾಸವಾಗಿ ಬದಲಿಸೋ ಡಿಎನ್‌ಎಸ್ ಕೆಲಸ ಮಾಡ್ತಿಲ್ಲ.

ಇಂಥ ಹೊತ್ತಲ್ಲಿ ನಾನು ಮೊದಲು 1.1.1.1ಕ್ಕೆ (ಕ್ಲೌಡ್‌ಫ್ಲೇರ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್) ಪಿಂಗ್ ಮಾಡ್ತೀನಿ. ಉತ್ತರ ಬಂತು. ಅಲ್ಲಿಗೆ ಗೇಟ್‌ವೇ, ರೂಟಿಂಗ್ ತಂಟೆಗೆ ಹೋಗೋದು ಬೇಡ ಅಂತಾಯಿತು. ಆಮೇಲೆ ಡಿಎನ್‌ಎಸ್ ಸರ್ವರಿಗೆ ಪ್ರಶ್ನೆ ಕೇಳೋ ಡಿಗ್‌ನಲ್ಲಿ ನೇರವಾಗಿ 1.1.1.1ನ್ನೇ ಕೇಳಿದೆ, ಅದಕ್ಕೂ ಥಟ್ ಅಂತ ಉತ್ತರ ಬಂತು, ಅಂದ್ರೆ ಡಿಎನ್‌ಎಸ್ ಬಳಸೋ 53ನೇ ಪೋರ್ಟಿಗೂ ಅಡ್ಡಿ ಇಲ್ಲ. ಇನ್ನು ಉಳಿದದ್ದು ಒಂದೇ. ಯಾರನ್ನು ಕೇಳಬೇಕು ಅಂತ ಮಷೀನಿಗೇ ಗೊತ್ತಿಲ್ಲ.

ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಅಂತ ಬರೆದಿರೋ, ಈಟಿಸಿ ಡೈರೆಕ್ಟರಿ ಒಳಗಿನ ರಿಸಾಲ್ವ್‌ ಡಾಟ್ ಕಾನ್ಫ್ ನೋಡಿದೆ. ಅದು ನಿಜವಾದ ಫೈಲ್ ಅಲ್ಲ, ರನ್ ಡೈರೆಕ್ಟರಿಯ ಒಳಗಿನ ಇನ್ನೊಂದು ಫೈಲಿಗೆ ಕೊಟ್ಟ ಲಿಂಕ್. ಟರ್ಮಿನಲ್ಲಿನಲ್ಲಿ ಕೆಂಪಗೆ ಕಾಣ್ತಿತ್ತು, ಯಾಕಂದ್ರೆ ಆ ಫೈಲೇ ಇರಲಿಲ್ಲ. ರನ್ ಇರೋದು ರ‍್ಯಾಮ್‌ನಲ್ಲಿ, ಪ್ರತಿ ಬೂಟ್‌ಗೂ ಖಾಲಿ. ಅಲ್ಲಿ ಆ ಫೈಲನ್ನು ಹೊಸದಾಗಿ ಬರೆಯೋದು ಡಿಎನ್‌ಎಸ್ ನೋಡಿಕೊಳ್ಳೋ ಸರ್ವಿಸ್ ಆದ ಸಿಸ್ಟಮ್‌ಡಿ-ರಿಸಾಲ್ವ್‌ಡ್. ಅದರ ಸ್ಟೇಟಸ್ ಕೇಳಿದರೆ ಅಂಥ ಸರ್ವಿಸೇ ಇಲ್ಲ ಅಂತು.

ಡೆಬಿಯನ್ 12ರಲ್ಲಿ ಇದನ್ನು ಬೇರೆ ಪ್ಯಾಕೇಜ್ ಮಾಡಿದ್ದಾರೆ, ಅಪ್‌ಗ್ರೇಡ್ ಆಗುವಾಗ ತಾನಾಗಿ ಬರಲ್ಲ. ರಿಲೀಸ್ ನೋಟ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಅಷ್ಟುದ್ದದ ನೋಟ್ಸ್‌ನ ಕೊನೇವರೆಗೆ ಯಾರು ಓದ್ತಾರೆ ಹೇಳಿ!

ಈಗ ತಮಾಷೆ ನೋಡಿ. ಪ್ಯಾಕೇಜ್ ಇಳಿಸೋಕೆ ಡಿಎನ್‌ಎಸ್ ಬೇಕು, ಡಿಎನ್‌ಎಸ್ ಬರೋಕೆ ಪ್ಯಾಕೇಜ್ ಬೇಕು. ಲಿಂಕ್ ಅಳಿಸಿ, ಅದೇ ಹೆಸರಲ್ಲಿ ಮಾಮೂಲಿ ಫೈಲ್ ಮಾಡಿ, ‘ನೇಮ್‌ಸರ್ವರ್ 1.1.1.1’ ಅಂತ ಒಂದು ಸಾಲು ಬರೆದೆ. ಆಪ್ಟ್ ಓಡಿತು. ಸಿಸ್ಟಮ್‌ಡಿ-ರಿಸಾಲ್ವ್‌ಡ್ ಇನ್‌ಸ್ಟಾಲ್ ಆಗುವಾಗ ಲಿಂಕನ್ನು ತಾನೇ ಮತ್ತೆ ಹಾಕಿಕೊಂಡಿತು. ರಿಸಾಲ್ವ್‌ಸಿಟಿಎಲ್ ಸ್ಟೇಟಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ತಾನಾಗಿ ಹಂಚೋ ಡಿಎಚ್‌ಸಿಪಿ ಕೊಟ್ಟ ಡಿಎನ್‌ಎಸ್ ಸರ್ವರ್ ಕಾಣಿಸಿತು.

ಡಿಗ್ ಉತ್ತರ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡಿ. ಅದು, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳೋ ಎನ್‌ಎಸ್‌ಸ್ವಿಚ್ ಕಡೆ ತಲೆ ಹಾಕಲ್ಲ, ಸುಮ್ನೆ ಡಿಎನ್‌ಎಸ್ ಸರ್ವರನ್ನೇ ಕೇಳುತ್ತೆ. ಉಳಿದ ಪ್ರೋಗ್ರಾಮ್‌ಗಳು ಹೋಗೋ ದಾರಿಯಲ್ಲೇ ನೋಡಬೇಕು ಅಂದ್ರೆ ಗೆಟ್‌ಎಂಟ್ ಹೋಸ್ಟ್ಸ್ ಹೊಡೆಯಿರಿ.

ಕೆಲವರು ಆ ಒಂದು ಸಾಲಿನ ಫೈಲನ್ನೇ ಉಳಿಸಿಕೊಂಡು, ಯಾರೂ ಮುಟ್ಟದ ಹಾಗೆ ಚಾಟ್ರ್‌ನಿಂದ ಬೀಗ ಜಡಿದುಬಿಡ್ತಾರೆ. ನನಗದು ಸರಿ ಕಾಣಲ್ಲ. ಮುಂದೆ ಯಾವತ್ತೋ ವಿಪಿಎನ್ ಹಾಕಿದಾಗ ಅದು ತನ್ನ ಡಿಎನ್‌ಎಸ್ ಸರ್ವರನ್ನು ಆ ಫೈಲಲ್ಲಿ ಬರೆಯೋಕಾಗದೆ, ಆಫೀಸಿನ ಒಳಗಿನ ಹೆಸರುಗಳು ಸಿಗದೆ ತಲೆ ಕೆಡುತ್ತೆ, ಬೀಗ ಹಾಕಿದ್ದು ಆಗ ಯಾರಿಗೆ ನೆನಪಿರುತ್ತೆ? ಉಳಿದ ಸರ್ವರ್‌ಗಳಲ್ಲಿ ಲಿಂಕ್ ತೆಗೆದು ಮಾಮೂಲಿ ಫೈಲ್ ಇಟ್ಟ ಮೇಲೇ ಅಪ್‌ಗ್ರೇಡ್‌ಗೆ ಕೈ ಹಾಕಿದೆ, ಅದು ಮುಗಿದ ಕೂಡಲೇ ಪ್ಯಾಕೇಜ್ ಹಾಕಿ, ಆಮೇಲೆ ರೀಬೂಟ್.