ಐಂಡ್‌ಹೋವನ್‌ನಲ್ಲಿ ಒಳ್ಳೆಯ ಮಯೋನೀಸ್ ಹುಡುಕಿದ್ದು: ನನ್ನ ಅನುಭವ

ನಾನಿರುವ ಐಂಡ್‌ಹೋವನ್ ನೆದರ್‌ಲೆಂಡ್ಸ್‌ನ (ಹಾಲೆಂಡಿನ) ಒಂದು ಊರು. ಇಲ್ಲಿಯವರು ಫ್ರೈಸ್ ತಿನ್ನುವುದೇ ಎಣ್ಣೆ, ಮೊಟ್ಟೆಯ ಹಳದಿ, ಹುಳಿ ಕಲಸಿ ಮಾಡುವ ಮಯೋನೀಸ್ ಜೊತೆ. ಕೆಚಪ್‌ಗೆ ಇಲ್ಲಿ ಎರಡನೇ ಸ್ಥಾನ. ಸೂಪರ್‌ಮಾರ್ಕೆಟ್ಟಿಗೆ ಹೋದರೆ ಬಿಳಿ ಡಬ್ಬಿಗಳದ್ದೇ ಒಂದು ಉದ್ದನೆಯ ಸಾಲು. ಹಾಗಿದ್ದೂ ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಬಾಯಿ ಬಿಟ್ಟು ಕೇಳುವುದು ಇದನ್ನೇ: "ಒಳ್ಳೆ ಮಯೋನೀಸ್ ಯಾವುದು ರೀ? ನಾವು ತಂದಿದ್ದು ಸಿಹಿ ಸಿಹಿ, ಅಂಟಂಟು." ಇದೇ ಪ್ರಶ್ನೆ ನನಗೂ ಇತ್ತು. ಉತ್ತರ ಸಿಕ್ಕಿದ್ದು ಡಬ್ಬಿಯ ಹಿಂಬದಿಯಲ್ಲಿ.

ಮೊದಲು ಗೊತ್ತಿರಬೇಕಾದ್ದು, ಆ ಸಾಲಿನಲ್ಲಿರುವ ಬಿಳಿಯದೆಲ್ಲ ಮಯೋನೀಸ್ ಅಲ್ಲ. ನೆದರ್‌ಲೆಂಡ್ಸ್‌ನ ಕಾನೂನಿನ ಪ್ರಕಾರ ಮಯೋನೀಸ್ ಅಂತ ಹೆಸರು ಹಾಕಿ ಮಾರಬೇಕಾದರೆ ಅದರಲ್ಲಿ ಶೇಕಡಾ 70ರಷ್ಟಾದರೂ ಕೊಬ್ಬು, ಶೇಕಡಾ 5ರಷ್ಟಾದರೂ ಮೊಟ್ಟೆಯ ಹಳದಿ ಇರಬೇಕು. ಅಷ್ಟಿಲ್ಲದ್ದನ್ನು ಫ್ರೀಟ್‌ಸಾಸ್ ಅಂತ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಅದರಲ್ಲಿ ಕೊಬ್ಬು ಸಾಮಾನ್ಯವಾಗಿ ಶೇಕಡಾ 25ರ ಆಸುಪಾಸು. ಉಳಿದ ಜಾಗ ತುಂಬುವುದು ನೀರು, ಸಕ್ಕರೆ ಮತ್ತು ಪಿಷ್ಟ. ಎರಡೂ ಒಂದೇ ಕಪಾಟಿನಲ್ಲಿ, ಒಂದೇ ತರಹದ ಬಾಟಲಿಯಲ್ಲಿ, ಎಷ್ಟೋ ಸಲ ಒಂದೇ ಕಂಪನಿಯ ಹೆಸರಿನಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಸ್ನ್ಯಾಕ್‌ಬಾರ್‌ಗಳಲ್ಲಿ ಫ್ರೈಸ್ ಮೇಲೆ ಹಾಕಿಕೊಡುವುದೂ ಬಹಳ ಕಡೆ ಫ್ರೀಟ್‌ಸಾಸೇ. ನಮ್ಮವರು ಸಿಹಿ ಸಿಹಿ ಅನ್ನುವುದು ಹೆಚ್ಚಾಗಿ ಇದನ್ನು. ಫ್ರೀಟ್‌ಸಾಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಬಿಸಿ ಫ್ರೈಸ್ ಮೇಲೆ ಅದಕ್ಕೆ ಅದರದ್ದೇ ರುಚಿ ಇದೆ. ಆದರೆ ಸ್ಯಾಂಡ್‌ವಿಚ್‌ಗೋ ಆಲೂಗಡ್ಡೆ ಸಲಾಡ್‌ಗೋ ಅದನ್ನು ಹಾಕಿದರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ, ಬಾಯಲ್ಲಿ ಗಂಜಿಯ ಹಾಗೆ ನಿಲ್ಲುತ್ತದೆ.

ಡಬ್ಬಿಯ ಹಿಂಬದಿ ಓದುವುದಕ್ಕೆ ಡಚ್ ಭಾಷೆ ಕಲಿತಿರಬೇಕಾಗಿಲ್ಲ. ಯುರೋಪಿನ ಒಕ್ಕೂಟದಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲೇಬೇಕು. ಹಾಗಾಗಿ ಮೊದಲ ಪದ ಎಣ್ಣೆಯೋ ನೀರೋ ಅನ್ನುವುದೊಂದೇ ಅರ್ಧ ಕಥೆ ಹೇಳುತ್ತದೆ. 'ವಾಟರ್' ಅಂತ ಶುರುವಾದರೆ ನಾನು ಅಲ್ಲಿಗೇ ಕೆಳಗಿಡುತ್ತೇನೆ. 'ಓಲಿ' ಅಂತ ಕೊನೆಯಾಗುವ ಪದ ಮೊದಲು ಬಂದರೆ ಮುಂದಕ್ಕೆ ಓದುತ್ತೇನೆ. ಸೂರ್ಯಕಾಂತಿ, ರೇಪ್‌ಸೀಡ್, ಸೋಯಾ, ಯಾವ ಎಣ್ಣೆಯಾದರೂ ನಡೆಯುತ್ತದೆ. ಆಮೇಲೆ ಮೊಟ್ಟೆಯ ಹಳದಿ, 'ಐಗೇಲ್'. ಮೊಟ್ಟೆ, ಸಾಸಿವೆ ಅಲರ್ಜಿ ಪಟ್ಟಿಯಲ್ಲಿರುವುದರಿಂದ ಎರಡನ್ನೂ ದಪ್ಪ ಅಕ್ಷರದಲ್ಲೋ ಬೇರೆ ರೀತಿ ಎದ್ದು ಕಾಣುವ ಹಾಗೋ ಅಚ್ಚು ಮಾಡಿರುತ್ತಾರೆ, ಹುಡುಕುವ ಕಷ್ಟವಿಲ್ಲ. ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಕೊಟ್ಟಿದ್ದರೆ 6, 7 ಅಂತ ಇರುವುದನ್ನೇ ಆರಿಸಿ. ಮೂರನೆಯದು ಪಿಷ್ಟ: 'ಜೆಟ್‌ಮೇಲ್' ಅನ್ನುವ ಪದ ಕಂಡರೆ ಆ ದಪ್ಪ ಬಂದದ್ದು ಎಣ್ಣೆ ಮತ್ತು ಹಳದಿಯಿಂದ ಮಾತ್ರವೇ ಅಲ್ಲ ಅಂತ ಅರ್ಥ. ಕೊನೆಗೆ ಪೋಷಕಾಂಶದ ಚೌಕದಲ್ಲಿ ಸಕ್ಕರೆ. 100 ಗ್ರಾಮಿಗೆ ಒಂದೆರಡು ಗ್ರಾಮ್ ಇದ್ದರೆ ಸರಿ. ಐದಾರು ದಾಟಿತೋ, ನನ್ನ ನಾಲಿಗೆಗೆ ಅದು ಬೇಡ.

ಇಷ್ಟು ನೋಡಿದ ಮೇಲೆ ಬ್ರಾಂಡಿನ ಮೋಹ ತಾನಾಗಿಯೇ ಕಡಿಮೆಯಾಯಿತು. ಕಾಲ್ವೆ, ರೇಮಿಯಾ, ಜಾನ್ಸೆ ಇವೆಲ್ಲ ಇಲ್ಲಿಯ ಮನೆಮಾತು. ನನಗೆ ಹಿಡಿಸಿದ್ದು ಜಾನ್ಸೆ. ಸಿಹಿ ಹಿಂದೆ ನಿಂತು ಹುಳಿ, ಸಾಸಿವೆ ಮುಂದೆ ಬರುತ್ತವೆ. ಕೆಲವು ಸೂಪರ್‌ಮಾರ್ಕೆಟ್ಟುಗಳ ಸ್ವಂತ ಹೆಸರಿನ ಅಗ್ಗದ ಡಬ್ಬಿಗಳಲ್ಲೂ ಎಣ್ಣೆ, ಹಳದಿಯ ಲೆಕ್ಕ ಚೆನ್ನಾಗಿಯೇ ಇರುತ್ತದೆ. 'ಲೈಟ್' ಅಂತ ಇರುವುದನ್ನು ಮಾತ್ರ ಮಯೋನೀಸ್ ಅಂದುಕೊಂಡು ತರಬೇಡಿ.

ಮನೆಗೆ ತಂದ ಮೇಲೆ ನಾನು ಮಾಡುವ ಪರೀಕ್ಷೆ ಒಂದಿದೆ. ಒಂದು ಬ್ರೆಡ್ ಸ್ಲೈಸನ್ನು ಗರಿಗರಿಯಾಗಿ ಟೋಸ್ಟ್ ಮಾಡಿ, ಬಿಸಿ ಇರುವಾಗಲೇ ಅರ್ಧಕ್ಕೆ ಒಂದು ಡಬ್ಬಿಯದ್ದು, ಇನ್ನರ್ಧಕ್ಕೆ ಇನ್ನೊಂದರದ್ದು ಸವರಿ ಒಂದೆರಡು ನಿಮಿಷ ಬಿಟ್ಟು ನೋಡುತ್ತೇನೆ. ನಿಜವಾದ ಮಯೋನೀಸ್ ಬಿಸಿಗೆ ಮೆತ್ತಗಾಗಿ, ಅಂಚಿನಲ್ಲಿ ಎಣ್ಣೆ ಮಿನುಗಿ, ಬ್ರೆಡ್ಡಿನ ರಂಧ್ರಗಳಿಗೆ ಇಳಿಯುತ್ತದೆ. ಪಿಷ್ಟ ಹಾಕಿದ್ದು ಸವರಿದ ಗೆರೆ ಗೆರೆಯಾಗಿಯೇ ನಿಂತಿರುತ್ತದೆ, ಬೆರಳಲ್ಲಿ ಮುಟ್ಟಿದರೆ ಜಾರುತ್ತದೆ. ಕಾರಣ ಸರಳ. ಮಯೋನೀಸ್ ಅಂದರೆ ವಿನೆಗರ್, ನಿಂಬೆರಸದ ನೀರಿನಂಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳನ್ನು ಒತ್ತೊತ್ತಾಗಿ ತುಂಬಿದ್ದು. ಆ ಹನಿಗಳು ಒಂದಕ್ಕೊಂದು ಸೇರಿಕೊಳ್ಳದ ಹಾಗೆ ತಡೆಯುವುದು ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನ್. ಜಾಸ್ತಿ ಬಿಸಿಯಾದರೆ ಈ ಕಟ್ಟು ಸಡಿಲವಾಗುತ್ತದೆ. ಪಿಷ್ಟದ ಗಂಜಿಗೆ ಆ ಚಿಂತೆ ಇಲ್ಲ.

ಐಂಡ್‌ಹೋವನ್‌ನಿಂದ ಬೆಲ್ಜಿಯಂ ಗಡಿ ಹತ್ತಿರ. ಅಲ್ಲಿಗೆ ಹೋದಾಗಲೆಲ್ಲ ಎರಡು ಮೂರು ಡಬ್ಬಿ ಚೀಲಕ್ಕೆ ಬೀಳುತ್ತವೆ. ಬೆಲ್ಜಿಯಂನವರು ಈ ವಿಷಯದಲ್ಲಿ ಮೊದಲು ಇನ್ನೂ ಕಟ್ಟುನಿಟ್ಟಾಗಿದ್ದರು: 1955ರಲ್ಲಿ ಅವರು ಮಾಡಿಕೊಂಡ ನಿಯಮದಲ್ಲಿ ಕೊಬ್ಬು ಶೇಕಡಾ 80, ಹಳದಿ ಶೇಕಡಾ 7.5. ಇಷ್ಟೊಂದು ಅಳತೆ ನಮಗೆ ಹೊರೆ, ಹೊರದೇಶದವರ ಜೊತೆ ಪೈಪೋಟಿ ಮಾಡಲಾಗುತ್ತಿಲ್ಲ ಅಂತ ಅಲ್ಲಿಯ ತಯಾರಕರೇ 2015ರ ಸುಮಾರಿಗೆ ತಕರಾರು ತೆಗೆದಿದ್ದರು. ಆಮೇಲೆ ಆ ನಿಯಮ ಸಡಿಲವಾಯಿತು, ಹಾಗಾಗಿ ಹಳೆಯ ಅಳತೆಯದ್ದೇ ಬೇಕು ಅನ್ನುವವರು ಅಲ್ಲೂ ಸಂಖ್ಯೆ ನೋಡಿಯೇ ಕೊಳ್ಳಬೇಕು. ಡೆವೋಸ್ ಲೆಮ್ಮೆನ್ಸ್ ಅಲ್ಲಿಯ ಹಳೆಯ ಹೆಸರು, ಅವರ ನಿಂಬೆ ಹಾಕಿದ ಡಬ್ಬಿ ನಮ್ಮ ಮನೆಯಲ್ಲಿ ಬೇಗ ಖಾಲಿಯಾಗುತ್ತದೆ. ಇಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು. ಬೆಲ್ಜಿಯಂನ ಸಾಂಪ್ರದಾಯಿಕ ಅಂಗಡಿಗಳಲ್ಲಿ ಫ್ರೈಸನ್ನು ದನದ ಕೊಬ್ಬಿನಲ್ಲಿ ಎರಡು ಸಲ ಕರಿಯುವ ಪದ್ಧತಿ ಇದೆ. ಮಯೋನೀಸ್ ಎಷ್ಟೇ ಚೆನ್ನಾಗಿರಲಿ, ಯಾವುದರಲ್ಲಿ ಕರಿದಿದ್ದಾರೆ ಅಂತ ಕೇಳಿಕೊಂಡೇ ತಗೊಳ್ಳಿ.

ಇನ್ನು ಜಪಾನಿನ ಕ್ಯೂಪಿ. 1925ರಿಂದ ಇರುವ ಬ್ರಾಂಡ್. ಹಿಂಡುವ ಮೆತ್ತನೆಯ ಬಾಟಲಿ, ಕೆಂಪು ಮುಚ್ಚಳ. ಇಡೀ ಮೊಟ್ಟೆಯ ಬದಲು ಬರೀ ಹಳದಿ ಹಾಕಿ ಮಾಡುತ್ತಾರೆ, ಆ ಸೊಂಪು ಅದರಿಂದ ಬಂದದ್ದು. ಇಲ್ಲಿ ಅಮೇಜಿಂಗ್ ಓರಿಯೆಂಟಲ್‌ನಂಥ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ. ಜಪಾನಿನೊಳಗೆ ಮಾರುವ ಬಾಟಲಿಗೂ ಹೊರದೇಶಕ್ಕೆಂದು ತಯಾರಾಗುವ ಬಾಟಲಿಗೂ ಪದಾರ್ಥಪಟ್ಟಿ ಒಂದೇ ಇರುವುದಿಲ್ಲ. ಜಪಾನಿನದರಲ್ಲಿ ರುಚಿ ಹೆಚ್ಚಿಸಲು ಹಾಕುವ ಎಂಎಸ್‌ಜಿ ಇರುತ್ತದೆ. ಬೇಡದವರು ಬಾಟಲಿ ತಿರುಗಿಸಿ ಹಿಂಬದಿ ನೋಡಿ. ನನಗಂತೂ ಬೇಯಿಸಿದ ಮೊಟ್ಟೆ ಹಿಸುಕಿ ಮಾಡುವ ಸ್ಯಾಂಡ್‌ವಿಚ್‌ಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಅಮೆರಿಕದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಕೇಳಿದಾಗ ಹೇಳಿದ್ದೂ ಇದೇ ಲೆಕ್ಕ. ಅಲ್ಲಿ ಮಯೋನೀಸ್ ಅನ್ನಿಸಿಕೊಳ್ಳಲು ತೂಕದಲ್ಲಿ ಶೇಕಡಾ 65 ಎಣ್ಣೆ ಇರಬೇಕು. ಮಿರಾಕಲ್ ವಿಪ್ ಅನ್ನುವ ಬ್ರಾಂಡ್ ಅದೇ ಕಪಾಟಿನಲ್ಲಿದ್ದರೂ ಆ ಅಳತೆ ಮುಟ್ಟುವುದಿಲ್ಲ, ಅದಕ್ಕೇ ಅದು ಡ್ರೆಸಿಂಗ್. ಸಿಹಿ ಬೇಡದಿದ್ದರೆ ಡ್ಯೂಕ್ಸ್ ನೋಡು ಅಂದೆ. 1917ರಲ್ಲಿ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ಶುರುವಾದದ್ದು, ಸಕ್ಕರೆ ಹಾಕುವುದಿಲ್ಲ. ಜರ್ಮನಿಯಲ್ಲಿರುವವರು 'ಸಲಾಟ್‌ಮಯೋನೀಸ್' ಅಂತ ಬರೆದಿದ್ದನ್ನು ಗಮನಿಸಿ, ಅದಕ್ಕೆ ಶೇಕಡಾ 50 ಕೊಬ್ಬು ಇದ್ದರೂ ಸಾಕು.

ಕೊನೆಗೆ ನಾನು ನಿಂತದ್ದು ಮನೆಯಲ್ಲಿ ಮಾಡುವುದರ ಮೇಲೆ. ಊರಿನ ಮಿಕ್ಸಿ ಜಾರಿಗಿಂತ ಕೈಯಲ್ಲಿ ಹಿಡಿಯುವ ಸ್ಟಿಕ್ ಬ್ಲೆಂಡರ್ ಇದಕ್ಕೆ ಹೇಳಿಮಾಡಿಸಿದ್ದು. ಅದರ ತಲೆ ಹಿಡಿಯುವಷ್ಟೇ ಅಗಲದ ಎತ್ತರದ ಲೋಟ ಬೇಕು, ಅಗಲ ಪಾತ್ರೆಯಾದರೆ ಕೂಡಿಕೊಳ್ಳುವುದಿಲ್ಲ. ತಳಕ್ಕೆ ಒಂದು ಮೊಟ್ಟೆ ಒಡೆದು, ಒಂದು ಟೀ ಚಮಚ ಸಾಸಿವೆ ಪೇಸ್ಟ್, ಒಂದು ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ಉಪ್ಪು. ಮೇಲೆ 200 ಮಿಲಿಲೀಟರ್ ಸೂರ್ಯಕಾಂತಿ ಎಣ್ಣೆ. ಎಲ್ಲವೂ ಕೋಣೆಯ ಬಿಸಿಯಲ್ಲಿರಲಿ. ಬ್ಲೆಂಡರನ್ನು ಹಳದಿಯ ಮೇಲೆ ಕವುಚಿ ತಳಕ್ಕೆ ಒತ್ತಿ ಹಿಡಿದು ಚಾಲೂ ಮಾಡಿ, ಅಲ್ಲಾಡಿಸಬೇಡಿ. ಕ್ಷಣದಲ್ಲಿ ತಳದಿಂದ ಬಿಳಿ ಸುರುಳಿಗಳು ಎಣ್ಣೆಯೊಳಗೆ ಮೇಲೇಳುತ್ತವೆ. ಲೋಟದ ಮುಕ್ಕಾಲು ಬೆಳ್ಳಗಾದ ಮೇಲೆ ನಿಧಾನಕ್ಕೆ ಮೇಲೆತ್ತುತ್ತಾ ಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡರೆ ಆಯಿತು. ಬ್ಲೆಂಡರಿನ ಸದ್ದು ಬದಲಾಗುತ್ತದೆ, ತೆಳುವಾಗಿ ತಿರುಗುತ್ತಿದ್ದದ್ದು ಭಾರವಾಗುತ್ತದೆ. ಕಿವಿಗೆ ಅದೇ ಗುರುತು.

ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಇದಕ್ಕೆ ಬೇಡ, ಬ್ಲೆಂಡರಿನ ಹೊಡೆತಕ್ಕೆ ಕಹಿಯಾಗುತ್ತದೆ. ಗಾಣದ ಕಡಲೆಕಾಯಿ ಎಣ್ಣೆಯ ಘಮ ನಮಗೆ ಇಷ್ಟವೇ, ಆದರೆ ಫ್ರಿಜ್ಜಿನ ಚಳಿಗೆ ಅದು ಮಂಕಾಗಿ ಗಟ್ಟಿಯಾಗುವುದರಿಂದ ಮರುದಿನಕ್ಕೆ ಮಯೋನೀಸ್ ಒಡೆಯುವ ಸಂಭವ ಇದೆ. ಅದೇ ಬೇಕೆಂದರೆ ಅವತ್ತೇ ಮುಗಿಸುವಷ್ಟು ಮಾಡಿ. ಒಡೆದರೆ ಚೆಲ್ಲಬೇಕಾಗಿಲ್ಲ. ಬೇರೆ ಲೋಟಕ್ಕೆ ಇನ್ನೊಂದು ಹಳದಿ ಹಾಕಿ, ಬ್ಲೆಂಡರ್ ತಿರುಗುತ್ತಿರುವಾಗ ಒಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸುರಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಹಸಿ ಮೊಟ್ಟೆಯ ಭಯ ಸುಳ್ಳಲ್ಲ. 2023ರಲ್ಲಿ ಕೇರಳ, 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ತಗಲಿದರೆ ಆಸ್ಪತ್ರೆ ಸೇರಬೇಕಾಗಲೂಬಹುದು. ಕಾರ್ಖಾನೆಗಳು ಪಾಶ್ಚರೀಕರಿಸಿದ ಮೊಟ್ಟೆ ಬಳಸುತ್ತವೆ, ಹಾಗಾಗಿ ಡಬ್ಬಿಯದಕ್ಕೆ ಈ ಹೆದರಿಕೆ ಬೇಡ. ಮನೆಯಲ್ಲಿ ಮಾಡುವಾಗ ನಾನು ತಾಜಾ, ಬಿರುಕಿಲ್ಲದ ಮೊಟ್ಟೆಯನ್ನೇ ಆರಿಸುತ್ತೇನೆ, ವಿನೆಗರ್‌ನಲ್ಲಿ ಜಿಪುಣತನ ಮಾಡುವುದಿಲ್ಲ, ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸುತ್ತೇನೆ. ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಮನೆಯ ಮೊಟ್ಟೆ ಮಯೋನೀಸ್ ಕೊಡುವುದೇ ಇಲ್ಲ.

ನಮ್ಮ ಅತ್ತೆಯವರು ಊರಿಂದ ಬಂದಾಗ ಕೇಳಿದ್ದು ಒಂದೇ ಮಾತು: "ಇದಕ್ಕೆ ಮೊಟ್ಟೆ ಹಾಕಿದಾರೇನಮ್ಮಾ?" ಇಲ್ಲಿಯ ಅಂಗಡಿಗಳಲ್ಲಿ ಮೊಟ್ಟೆ, ಹಾಲು ಯಾವುದೂ ಇಲ್ಲದ ವೀಗನ್ ಮಯೋ ಧಾರಾಳ ಸಿಗುತ್ತದೆ. ಆದರೂ ಅವರಿಗೆ ಕಣ್ಣೆದುರು ಮಾಡಿದ್ದರ ಮೇಲೆ ನಂಬಿಕೆ. ಅದಕ್ಕೆ ಕಾಬೂಲಿ ಕಡಲೆ ಬೇಯಿಸಿದ ಕಟ್ಟು ಉಳಿಸಿಕೊಂಡೆ. ಸಾರಿಗೆ ಹಾಕುವ ಕಟ್ಟಿಗಿಂತ ಸ್ವಲ್ಪ ಗಟ್ಟಿ, ಮೊಟ್ಟೆಯ ಬಿಳಿಯ ಹಾಗೆ ಲೋಳೆಯಾಗುವ ತನಕ ಬತ್ತಿಸಿ, ಪೂರ್ತಿ ಆರಿಸಬೇಕು. ಕಾಲು ಲೋಟ ಕಟ್ಟಿಗೆ ಒಂದು ಲೋಟ ಎಣ್ಣೆ, ಸಾಸಿವೆ, ನಿಂಬೆರಸ, ಉಪ್ಪು. ಇಲ್ಲಿ ಎಣ್ಣೆಯನ್ನು ಒಮ್ಮೆಲೇ ಸುರಿಯದೆ ಸಣ್ಣ ಧಾರೆಯಾಗಿ ಬಿಡಬೇಕು. ತಣ್ಣನೆಯ ಹಾಲಿನಲ್ಲೂ ಮಾಡಬಹುದು: ಒಂದು ಪಾಲು ಹಾಲು, ಎರಡು ಪಾಲು ಎಣ್ಣೆ, ಗಟ್ಟಿಯಾದ ಮೇಲಷ್ಟೇ ಹುಳಿ. ಹಾಲಿನದು ಬೆಳ್ಳಗೆ, ಬಲು ಮೃದು, ಆದರೆ ಎರಡನೇ ದಿನಕ್ಕೆ ಇಡುವಂಥದ್ದಲ್ಲ. ಕಟ್ಟಿನದ್ದಕ್ಕೆ ಕಡಲೆಯ ಸಣ್ಣ ವಾಸನೆ ಉಳಿಯುತ್ತದೆ. ಅತ್ತೆಯವರು ಅದಕ್ಕೆ ಹಸಿಮೆಣಸು, ಕೊತ್ತಂಬರಿ ಅರೆದು ಸೇರಿಸಿ, "ಇದು ಚಪಾತಿಗೂ ಆಗುತ್ತೆ" ಅಂದರು. ಆಗುತ್ತದೆ, ಸೌತೆಕಾಯಿ ಹೆಚ್ಚಿ ಒಳಗಿಟ್ಟು ಸುತ್ತಿಕೊಂಡರೆ ಇನ್ನೂ ಚೆನ್ನ.

ಕೊಂಡ ಡಬ್ಬಿಯನ್ನು ಇಡುವ ಜಾಗದ ಬಗ್ಗೆಯೂ ಹೇಳಬೇಕು. ತೆರೆದ ಮೇಲೆ ಫ್ರಿಜ್ಜಿನ ಬಾಗಿಲಿನಲ್ಲಿಡಿ, ಹಿಂಗೋಡೆಗೆ ತಾಗಿಸಬೇಡಿ. ಅಲ್ಲಿ ಹೆಪ್ಪುಗಟ್ಟಿದರೆ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಚಳಿಗಾಲದಲ್ಲಿ ಫ್ರಿಜ್ಜಿನಲ್ಲಿ ಜಾಗವಿಲ್ಲ ಅಂತ ಬಾಲ್ಕನಿಯಲ್ಲಿ ಸಾಮಾನು ಇಡುವುದು ಇಲ್ಲಿ ನಮ್ಮವರ ರೂಢಿ. ಹಾಲು, ತರಕಾರಿಗೆ ಅದು ಸರಿಹೋದೀತು, ಸೊನ್ನೆಯ ಕೆಳಗಿಳಿಯುವ ರಾತ್ರಿ ಮಯೋನೀಸನ್ನು ಮಾತ್ರ ಒಳಗೆ ತಂದಿಡಿ.